ಸ್ವತಂತ್ರ ಬ್ಯಾಂಡಿನ ಶೋಗೆ ಜನ ಸೇರಿಸುವುದು ಹೇಗೆ

ಸ್ವತಂತ್ರ ಬ್ಯಾಂಡ್ ಎಂದರೆ ಬೆನ್ನ ಹಿಂದೆ ಮ್ಯೂಸಿಕ್ ಕಂಪನಿಯಾಗಲಿ, ಪ್ರಚಾರಕ್ಕೆಂದೇ ಸಂಬಳ ಕೊಟ್ಟು ಇಟ್ಟುಕೊಂಡ ಸಿಬ್ಬಂದಿಯಾಗಲಿ ಇಲ್ಲದ ತಂಡ. ಅಲ್ಲಿ ಹಾಡು ಕಟ್ಟುವವರೇ ಪೋಸ್ಟರ್ ಅಂಟಿಸಬೇಕು, ಡ್ರಮ್ಸ್ ನುಡಿಸುವವರೇ ಟಿಕೆಟ್ಟಿನ ಲೆಕ್ಕ ಇಡಬೇಕು. ಅಂಥ ತಂಡವೊಂದರಲ್ಲಿ ಹಲವು ವರ್ಷ ಬೇಸ್ ಗಿಟಾರ್ ನುಡಿಸುತ್ತ, ಪ್ರಚಾರದ ಹೊಣೆಯನ್ನೂ ಹೊತ್ತು, ಖಾಲಿ ಕುರ್ಚಿಗಳ ಮುಂದೆಯೂ ತುಂಬಿದ ಹಾಲ್‌ನಲ್ಲಿಯೂ ನುಡಿಸಿದ ಮೇಲೆ ನನಗೆ ಮನದಟ್ಟಾಗಿರುವುದು ಇಷ್ಟು: ಹೆಸರು ಹಿಡಿದು ಕರೆದವರು ಬರುತ್ತಾರೆ. ಪೋಸ್ಟರ್, ರೀಲ್, ಪತ್ರಿಕೆಯ ಸುದ್ದಿ, ಹಣ ಕೊಟ್ಟು ಹಾಕಿಸಿದ ಜಾಹೀರಾತು ಇವೆಲ್ಲವೂ ಆ ಕರೆಗೆ ಬಲ ಕೊಡುತ್ತವೆ, ಅದನ್ನು ಮತ್ತೆ ಮತ್ತೆ ನೆನಪಿಸುತ್ತವೆ. ಕರೆಯೇ ಇಲ್ಲದೆಡೆ ಅವು ತಾವಾಗಿ ಯಾರನ್ನಾದರೂ ಬಾಗಿಲವರೆಗೆ ತಂದು ನಿಲ್ಲಿಸುವುದು ಅಪರೂಪ. ಮುಂದೆ ಹೇಳಿರುವ ಕೆಲಸಗಳನ್ನೆಲ್ಲ ಈ ಒಂದು ಎಣಿಕೆಯ ಮೇಲೆಯೇ ಜೋಡಿಸಿದ್ದೇನೆ.

ಜಾಗ ಗೊತ್ತುಮಾಡುವಾಗಲೇ ಪ್ರಚಾರ ಶುರು

ಹೆಚ್ಚಿನ ತಂಡಗಳು ದಿನಾಂಕ ಗೊತ್ತಾದ ಮೇಲೆ ಪ್ರಚಾರದ ಯೋಚನೆಗೆ ತೊಡಗುತ್ತವೆ. ಆ ಹೊತ್ತಿಗೆ ಅರ್ಧ ಕೆಲಸ ಸರಿಯಾಗಿಯೋ ತಪ್ಪಾಗಿಯೋ ಮುಗಿದುಹೋಗಿರುತ್ತದೆ. ಅರವತ್ತು ಜನ ಬರಬಹುದು ಎನ್ನುವ ಬ್ಯಾಂಡ್ ಎಂಬತ್ತು ಜನರ ಕೋಣೆಯಲ್ಲಿ ನುಡಿಸಿದರೆ ಅದು ಕಿಕ್ಕಿರಿದ ಶೋ. ಅದೇ ಅರವತ್ತು ಜನರನ್ನು ಮುನ್ನೂರು ಜನರ ಹಾಲ್‌ನಲ್ಲಿ ನಿಲ್ಲಿಸಿದರೆ ಬಂದವರಿಗೇ ಮುಜುಗರವಾಗುತ್ತದೆ, ಅವರು ಹಿಂದಿನ ಗೋಡೆಗೆ ಒರಗಿ ನಿಲ್ಲುತ್ತಾರೆ, ತೆಗೆದ ಫೋಟೊಗಳಲ್ಲಿ ನೆಲವೇ ಹೆಚ್ಚಾಗಿ ಕಾಣುತ್ತದೆ. ಆದ್ದರಿಂದ ಜಾಗ ಒಪ್ಪಿಕೊಳ್ಳುವ ಮೊದಲು ತಂಡದ ಪ್ರತಿಯೊಬ್ಬರೂ ತಾವು ಖಂಡಿತ ಕರೆತರಬಲ್ಲವರ ಹೆಸರುಗಳನ್ನು ಕಾಗದದ ಮೇಲೆ ಬರೆಯಬೇಕು. ಅಂದಾಜಿನ ಅಂಕಿ ಸಾಲದು, ಹೆಸರುಗಳೇ ಬೇಕು. ಹೀಗೆ ಬರೆಯಲು ಕುಳಿತಾಗ ‘ನೂರು ಜನ ಬಂದೇ ಬರುತ್ತಾರೆ’ ಎಂದಿದ್ದವರ ಪಟ್ಟಿ ಹದಿನೆಂಟಕ್ಕೆ ನಿಂತದ್ದನ್ನು ನಾನು ಕಂಡಿದ್ದೇನೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ; ಕೈಯಲ್ಲಿರುವುದು ಎಷ್ಟೆಂದು ತಿಳಿದವರು ಮಾತ್ರ ಸರಿಯಾದ ಗಾತ್ರದ ಕೋಣೆಯನ್ನು ಆರಿಸಬಲ್ಲರು.

ಜೊತೆಗೆ ನುಡಿಸುವ ಬ್ಯಾಂಡುಗಳ ಆಯ್ಕೆಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಮೂರು ತಂಡಗಳಿಗೂ ಅದೇ ಗೆಳೆಯರ ಬಳಗವಿದ್ದರೆ ಮೂವರ ಪ್ರಚಾರವೂ ಆ ನಲವತ್ತು ಜನರನ್ನೇ ಸುತ್ತುತ್ತದೆ. ಸಂಗೀತದ ರುಚಿ ಹತ್ತಿರವಿದ್ದು ಕೇಳುಗರು ಬೇರೆಯಾಗಿರುವ ತಂಡವನ್ನು ಜೊತೆಗೆ ಸೇರಿಸಿಕೊಳ್ಳುವುದು ಒಳ್ಳೆಯದು. ಯಾರು ಪೋಸ್ಟರ್ ಮಾಡಿಸುತ್ತಾರೆ, ಯಾರು ಪತ್ರಿಕೆಗಳಿಗೆ ಬರೆಯುತ್ತಾರೆ, ಯಾರ ಸರದಿ ಯಾವಾಗ, ಬಂದ ಹಣ ಹೇಗೆ ಹಂಚಿಕೆಯಾಗುತ್ತದೆ ಎಂಬುದನ್ನು ಮೊದಲೇ ಮಾತನಾಡಿ ಬರಹದಲ್ಲಿ ಇಟ್ಟುಕೊಂಡರೆ ಕೊನೆಯ ವಾರದಲ್ಲಿ ಸಂಬಂಧ ಕೆಡುವುದಿಲ್ಲ. ಹಾಲ್‌ನವರನ್ನೂ ಕೇಳಿ: ಅವರಿಗೆ ಸ್ವಂತ ಇಮೇಲ್ ಪಟ್ಟಿ ಇದೆಯೇ, ಅವರ ಪುಟದಲ್ಲಿ ಶೋ ಯಾವಾಗ ಪ್ರಕಟವಾಗುತ್ತದೆ, ಒಳಗೆ ಪೋಸ್ಟರ್ ಹಾಕಲು ಗೋಡೆ ಇದೆಯೇ? ಬೇರೆಯವರ ಹಾಡುಗಳನ್ನು ನುಡಿಸುವುದಾದರೆ ಅದಕ್ಕೆ ಬೇಕಾದ ಸಾರ್ವಜನಿಕ ಪ್ರದರ್ಶನದ ಪರವಾನಗಿ ಯಾರ ಹೊಣೆ ಎಂಬುದನ್ನೂ ಇದೇ ಮಾತುಕತೆಯಲ್ಲಿ ತಿಳಿದುಕೊಳ್ಳಿ.

ಇನ್ನೊಂದು ಸಂಗತಿಯನ್ನು ಹೊಸ ತಂಡಗಳು ಮರೆಯುತ್ತವೆ. ಒಂದೇ ಊರಿನಲ್ಲಿ ಎರಡು ವಾರಕ್ಕೊಮ್ಮೆ ನುಡಿಸುತ್ತಿದ್ದರೆ ‘ಈ ಸಲ ಆಗದಿದ್ದರೆ ಮುಂದಿನ ಸಲ ಹೋದರಾಯಿತು’ ಎಂದು ಕೇಳುಗರು ಮುಂದೂಡುತ್ತಾರೆ. ಎರಡು ಶೋಗಳ ನಡುವೆ ಕನಿಷ್ಠ ಒಂದೂವರೆ ತಿಂಗಳಾದರೂ ಬಿಡುವಿರಲಿ.

ಒಂದು ಹಾಳೆಯ ಮಾಹಿತಿ, ಆಮೇಲೆ ಪೋಸ್ಟರ್

ಏನನ್ನೇ ಪ್ರಕಟಿಸುವ ಮೊದಲು ಶೋನ ಸಕಲ ವಿವರವನ್ನೂ ಒಂದೇ ಹಾಳೆಯಲ್ಲಿ ಬರೆದು ಎಲ್ಲ ತಂಡಗಳಿಗೂ ಹಾಲ್‌ನವರಿಗೂ ಕಳುಹಿಸಿ ಒಪ್ಪಿಗೆ ಪಡೆಯಿರಿ. ದಿನಾಂಕದ ಜೊತೆಗೆ ವಾರ, ಬಾಗಿಲು ತೆರೆಯುವ ಹೊತ್ತು, ಮೊದಲ ತಂಡ ಶುರುಮಾಡುವ ಹೊತ್ತು, ನಿಮ್ಮ ಸರದಿ, ಮುಗಿಯುವ ಹೊತ್ತು, ಪೂರ್ಣ ವಿಳಾಸ, ಟಿಕೆಟ್ ದರ, ವಯಸ್ಸಿನ ಮಿತಿ, ಗಾಲಿಕುರ್ಚಿಯಲ್ಲಿ ಬರುವವರಿಗೆ ದಾರಿ ಇದೆಯೇ ಎಂಬ ಮಾಹಿತಿ ಇವಿಷ್ಟು ಅದರಲ್ಲಿರಬೇಕು. ಒಮ್ಮೆ ನಮ್ಮ ಪೋಸ್ಟರಿನಲ್ಲಿ ಬರೀ ‘ರಾತ್ರಿ 8’ ಎಂದು ಅಚ್ಚಾಗಿತ್ತು. ಅದು ಬಾಗಿಲು ತೆರೆಯುವ ಹೊತ್ತು. ನಾವು ವೇದಿಕೆ ಏರಬೇಕಾದದ್ದು ಹತ್ತಕ್ಕೆ. ಎಂಟಕ್ಕೇ ಬಂದ ಇಪ್ಪತ್ತಕ್ಕೂ ಹೆಚ್ಚು ಜನ ಕಾದು ಕಾದು, ಕೊನೆಯ ಬಸ್ಸಿನ ಚಿಂತೆಯಲ್ಲಿ, ನಾವು ತಂತಿ ಶ್ರುತಿ ಮಾಡಿಕೊಳ್ಳುತ್ತಿದ್ದಾಗ ಒಬ್ಬೊಬ್ಬರಾಗಿ ಎದ್ದು ಹೋದರು. ಕರೆದು ತಂದವರನ್ನು ನಾವೇ ಕಳುಹಿಸಿಕೊಟ್ಟಂತಾಯಿತು. ಅಂದಿನಿಂದ ‘ಬಾಗಿಲು 8ಕ್ಕೆ, ಮೊದಲ ಹಾಡು 8.45ಕ್ಕೆ’ ಎಂದು ಎರಡನ್ನೂ ಬರೆಯದ ಪೋಸ್ಟರನ್ನು ನಾವು ಅಚ್ಚಿಗೆ ಕೊಟ್ಟಿಲ್ಲ.

ಪೋಸ್ಟರಿನ ಕಲೆ ಕಲಾವಿದರದು, ಅದರ ಮಾತು ನಿಮ್ಮದು. ಎ3 ಹಾಳೆ ಎಂದರೆ 297 × 420 ಮಿಲಿಮೀಟರ್. ಅದನ್ನು ಗೋಡೆಗೆ ಹಚ್ಚಿ ಹತ್ತು ಹೆಜ್ಜೆ ಹಿಂದೆ ಸರಿದು ನೋಡಿದಾಗ ಬ್ಯಾಂಡಿನ ಹೆಸರು, ದಿನಾಂಕ, ಜಾಗ ಈ ಮೂರೂ ಓದಲು ಬರಬೇಕು. ಬಳಿಕ ಅದೇ ಚಿತ್ರವನ್ನು ಫೋನಿನಲ್ಲಿ ಹೆಬ್ಬೆರಳಿನಷ್ಟು ಚಿಕ್ಕದಾಗಿಸಿ ನೋಡಿ. ಈ ಎರಡು ಪರೀಕ್ಷೆಗಳಲ್ಲಿ ಸೋತ ಪೋಸ್ಟರ್ ಎಷ್ಟೇ ಸುಂದರವಾಗಿದ್ದರೂ ಮತ್ತೆ ತಿದ್ದಬೇಕು. ಮುದ್ರಣಕ್ಕೆ 300 ಡಿಪಿಐ (ಅಂಗುಲಕ್ಕೆ 300 ಚುಕ್ಕೆ) ಗುಣಮಟ್ಟದ ಫೈಲನ್ನು ಅಂಚಿನಾಚೆ 3 ಮಿಲಿಮೀಟರ್ ಬ್ಲೀಡ್, ಅಂದರೆ ಹಾಳೆ ಕತ್ತರಿಸುವಾಗ ಹೋಗುವ ಹೆಚ್ಚುವರಿ ಅಂಚು, ಬಿಟ್ಟು ಕೊಡಿ. ಇನ್‌ಸ್ಟಾಗ್ರಾಂ ಪೋಸ್ಟಿಗೆ 1080 × 1350 ಪಿಕ್ಸೆಲ್, ಸ್ಟೋರಿಗೆ 1080 × 1920 ಪಿಕ್ಸೆಲ್ ಅಳತೆಯಲ್ಲಿ ಬೇರೆ ಬೇರೆಯಾಗಿಯೇ ಮಾಡಿಸಿಕೊಳ್ಳಿ. ಸ್ಟೋರಿಯ ಮೇಲ್ತುದಿಯಲ್ಲೂ ಕೆಳತುದಿಯಲ್ಲೂ ಆ್ಯಪ್‌ನ ಗುಂಡಿಗಳು ಬಂದು ಕೂರುವುದರಿಂದ ಅಲ್ಲಿ ದಿನಾಂಕವನ್ನು ಇಡಬೇಡಿ. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯವರು ವಾಹನದ ಬಿಡಿಭಾಗಗಳ ಜಾಡು ಹಿಡಿಯಲು ರೂಪಿಸಿದ ಕ್ಯೂಆರ್ ಕೋಡ್ ಇಂದು ನಮ್ಮಂಥವರಿಗೆ ದೊಡ್ಡ ಉಪಕಾರ ಮಾಡಿದೆ. ಅದರ ಅಗಲ ಸುಮಾರಾಗಿ ಸ್ಕ್ಯಾನ್ ಮಾಡುವ ದೂರದ ಹತ್ತನೇ ಒಂದು ಭಾಗದಷ್ಟಿರಬೇಕು, ಅಂದರೆ ಅರ್ಧ ಮೀಟರ್ ದೂರದಿಂದ ಓದಿಸಬೇಕಾದರೆ 5 ಸೆಂಟಿಮೀಟರ್. ಅದು ನೇರವಾಗಿ ಟಿಕೆಟ್ ಪುಟಕ್ಕೇ ಹೋಗಲಿ. ಬ್ಯಾಂಡಿನ ಮುಖಪುಟಕ್ಕೆ ಕರೆದೊಯ್ದು ಅಲ್ಲಿಂದ ಹುಡುಕಿಕೊಳ್ಳಿ ಎಂದರೆ ಯಾರೂ ಹುಡುಕುವುದಿಲ್ಲ.

ಪೋಸ್ಟರ್ ಅಂಟಿಸಲು ಕೇಳುಗರು ನಿಂತು ಕಾಯುವ ಜಾಗಗಳು ಲೇಸು: ವಾದ್ಯಗಳ ಅಂಗಡಿ, ಅಭ್ಯಾಸದ ಸ್ಟುಡಿಯೊ, ಕಾಲೇಜಿನ ಸೂಚನಾಫಲಕ, ಪುಸ್ತಕದಂಗಡಿಯ ಬಾಗಿಲು. ಎಲ್ಲ ಕಡೆಯೂ ಅನುಮತಿ ಕೇಳಿಯೇ ಹಾಕಿ, ಶೋ ಮುಗಿದ ಮೇಲೆ ನೀವೇ ಹೋಗಿ ತೆಗೆಯಿರಿ. ಹಾಗೆ ತೆಗೆದ ತಂಡಕ್ಕೆ ಮುಂದಿನ ಸಲ ಆ ಅಂಗಡಿಯವರು ಇನ್ನೂ ಒಳ್ಳೆಯ ಜಾಗ ಕೊಡುತ್ತಾರೆ.

ಎಷ್ಟು ಮೊದಲು?

ಸಣ್ಣ ಹಾಲ್‌ನ ಶೋಗೆ ಐದಾರು ವಾರ ಮೊದಲು ಘೋಷಣೆ ಸಾಕು. ಅದಕ್ಕಿಂತ ಮೊದಲೇ ಕೂಗಿದರೆ ಕೇಳಿದವರು ಮರೆಯುತ್ತಾರೆ. ಪತ್ರಿಕೆಗಳಿಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ. ಮಾಸಪತ್ರಿಕೆಗಳು ಎರಡು ಮೂರು ತಿಂಗಳು ಮುಂಚೆಯೇ ಸಂಚಿಕೆಯನ್ನು ಕಟ್ಟುತ್ತವೆ, ವಾರಪತ್ರಿಕೆ ಮತ್ತು ರೇಡಿಯೊದವರಿಗೆ ಮೂರು ನಾಲ್ಕು ವಾರ ಮೊದಲು ತಿಳಿಸಿದರೆ ಒಳಿತು. ಅವರಿಗೆ ಬರೆಯುವ ಪತ್ರ ಚಿಕ್ಕದಾಗಿರಲಿ: ಮೊದಲ ಸಾಲಿನಲ್ಲೇ ಶೋ ಯಾವುದು, ಎಂದು, ಎಲ್ಲಿ, ಎರಡನೆಯ ಸಾಲಿನಲ್ಲಿ ಇದು ಏಕೆ ಸುದ್ದಿಯಾಗುತ್ತದೆ. ‘ನಮ್ಮ ಬ್ಯಾಂಡ್ ನುಡಿಸುತ್ತಿದೆ’ ಎಂಬುದು ನಿಮಗೆ ಸುದ್ದಿ, ಸಂಪಾದಕರಿಗೆ ಅಲ್ಲ. ಮೊದಲ ಸಲ ಹೊಸ ಹಾಡುಗಳನ್ನೆಲ್ಲ ಒಟ್ಟಿಗೆ ನುಡಿಸುವುದು, ಐದು ವರ್ಷ ದೂರವಿದ್ದ ಗಾಯಕರು ಮರಳಿರುವುದು, ಬಂದ ಹಣ ಒಂದು ಗ್ರಂಥಾಲಯಕ್ಕೆ ಹೋಗುವುದು ಇಂಥ ಯಾವುದೋ ಒಂದು ನಿಜವಾದ ಕಾರಣ ಅಲ್ಲಿರಬೇಕು. ಜೊತೆಗೆ ನೂರೈವತ್ತು ಪದಗಳ ಪರಿಚಯ, ಅಡ್ಡಕ್ಕೆ ತೆಗೆದ ಸ್ಪಷ್ಟವಾದ ಒಂದು ಫೋಟೊ, ಎರಡು ನಿಮಿಷದ ಲೈವ್ ವೀಡಿಯೊದ ಲಿಂಕ್ ಕೊಡಿ. ಫೋಟೊ ತೆಗೆದವರ ಹೆಸರನ್ನೂ ಬರೆಯಿರಿ. ಭಾರವಾದ ಫೈಲುಗಳನ್ನು ಇಮೇಲಿಗೆ ಅಂಟಿಸದೆ ಲಿಂಕ್ ಮೂಲಕ ಕಳುಹಿಸಿ. ಉತ್ತರ ಬಾರದಿದ್ದರೆ ವಾರದ ಬಳಿಕ ಒಮ್ಮೆ ಮಾತ್ರ ನೆನಪಿಸಬಹುದು.

ಪಟ್ಟಿ ಎಂಬ ಆಸ್ತಿ

ಸಾಮಾಜಿಕ ಜಾಲತಾಣದ ಹಿಂಬಾಲಕರು ನಿಮ್ಮವರಂತೆ ಕಂಡರೂ ಅವರಿಗೆ ನಿಮ್ಮ ಮಾತು ತಲುಪಬೇಕೇ ಬೇಡವೇ ಎಂಬುದನ್ನು ಆ ತಾಣವೇ ತೀರ್ಮಾನಿಸುತ್ತದೆ. ಹೆಸರು ಮತ್ತು ಇಮೇಲ್ ವಿಳಾಸದ ಪಟ್ಟಿ ಹಾಗಲ್ಲ, ಅದು ನಿಮ್ಮ ಕೈಯಲ್ಲೇ ಇರುತ್ತದೆ. ಈ ತಿಳಿವಳಿಕೆ ಅಂತರಜಾಲಕ್ಕಿಂತ ಹಳೆಯದು. ಅಮೆರಿಕಾದ ರಾಕ್ ಬ್ಯಾಂಡ್ ಗ್ರೇಟ್‌ಫುಲ್ ಡೆಡ್ 1971ರ ತನ್ನ ಲೈವ್ ಆಲ್ಬಮ್ಮಿನ ಒಳಭಾಗದಲ್ಲಿ, ನಿಮ್ಮ ಹೆಸರು ವಿಳಾಸ ಬರೆದು ಕಳುಹಿಸಿ, ನಾವು ಸುದ್ದಿ ತಿಳಿಸುತ್ತೇವೆ ಎಂದು ಅಚ್ಚು ಹಾಕಿಸಿತು. ಅಲ್ಲಿಂದ ಬೆಳೆದ ಪಟ್ಟಿ ಆ ತಂಡವನ್ನು ದಶಕಗಳ ಕಾಲ ಅದರ ಕೇಳುಗರೊಂದಿಗೆ ನೇರವಾಗಿ ಕಟ್ಟಿಹಾಕಿತು. 1997ರಲ್ಲಿ ಬ್ರಿಟನ್ನಿನ ರಾಕ್ ಬ್ಯಾಂಡ್ ಮ್ಯಾರಿಲಿಯನ್‌ಗೆ ಉತ್ತರ ಅಮೆರಿಕಾದ ಪ್ರವಾಸಕ್ಕೆ ಹಣವಿಲ್ಲ ಎಂದು ತಿಳಿದಾಗ, ಇಮೇಲ್ ಮೂಲಕ ಒಬ್ಬರಿಗೊಬ್ಬರು ಪರಿಚಿತರಾಗಿದ್ದ ಅಭಿಮಾನಿಗಳೇ ಸೇರಿ 60,000 ಡಾಲರ್ ಕೂಡಿಸಿ ಆ ಪ್ರವಾಸ ನಡೆಯುವಂತೆ ಮಾಡಿದರು. ನಮ್ಮ ಪಟ್ಟಿ ಅಷ್ಟು ದೊಡ್ಡದಾಗಬೇಕಿಲ್ಲ. ನೂರಿಪ್ಪತ್ತು ವಿಳಾಸಗಳಿರುವ ಪಟ್ಟಿ ಎಂಬತ್ತು ಜನರ ಕೋಣೆಗೆ ಬಲವಾದ ಬುನಾದಿ.

ಪಟ್ಟಿ ಬೆಳೆಸುವ ನೇರ ದಾರಿ ಎಂದರೆ ಶೋ ಮುಗಿದ ಕೂಡಲೇ ಟೀ ಶರ್ಟ್, ಸಿಡಿ ಇಟ್ಟ ಮೇಜಿನ ಮೇಲೆ ಒಂದು ನೋಟ್‌ಬುಕ್, ಎರಡು ಪೆನ್ನು ಇಡುವುದು ಮತ್ತು ಕೊನೆಯ ಹಾಡಿಗೆ ಮುಂಚೆ ವೇದಿಕೆಯಿಂದಲೇ ಅದರ ಬಗ್ಗೆ ಹೇಳುವುದು. ತಂಡಗಳು ತಮ್ಮ ಹಾಡನ್ನು ನೇರವಾಗಿ ಮಾರುವ ತಾಣವಾದ ಬ್ಯಾಂಡ್‌ಕ್ಯಾಂಪಿನಲ್ಲಿ ಹಾಡು ಕೊಂಡವರ ಇಮೇಲ್ ವಿಳಾಸವೂ ತಂಡಕ್ಕೆ ಸಿಗುತ್ತದೆ. ಒಪ್ಪಿಗೆ ಇಲ್ಲದವರನ್ನು ಪಟ್ಟಿಗೆ ಸೇರಿಸಬಾರದು. ಐರೋಪ್ಯ ಒಕ್ಕೂಟದಲ್ಲಿ 2018ರಿಂದ ಜಾರಿಯಲ್ಲಿರುವ, ಜನರ ಖಾಸಗಿ ಮಾಹಿತಿಯನ್ನು ಕಾಪಾಡುವ ಜಿಡಿಪಿಆರ್‌ನಂಥ ಕಾನೂನುಗಳಿಗೂ ಇದು ವಿರುದ್ಧ, ಸೌಜನ್ಯಕ್ಕೂ ವಿರುದ್ಧ. ಪ್ರತಿ ಪತ್ರದ ಕೊನೆಗೆ ಹೊರಹೋಗುವ ದಾರಿಯನ್ನು ತೋರಿಸಿ. ಸಾದಾ ಇಮೇಲಿನಿಂದ ಕಳುಹಿಸುವವರು ವಿಳಾಸಗಳನ್ನು ‘ಬಿಸಿಸಿ’ (ಪಡೆದವರಿಗೆ ಇತರರ ವಿಳಾಸ ಕಾಣದ) ಸಾಲಿನಲ್ಲೇ ಹಾಕಬೇಕು. ಇಲ್ಲವಾದರೆ ನೂರು ಜನರ ವಿಳಾಸ ನೂರು ಜನರಿಗೂ ಬಯಲಾಗುತ್ತದೆ. ವಾಟ್ಸ್‌ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಯನ್ನು ಬಳಸುವವರು ನೆನಪಿಡಬೇಕಾದ ಅಂಶವೊಂದಿದೆ: ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಆ ಸಂದೇಶ ಮುಟ್ಟುತ್ತದೆ. ಒಂದೇ ಒಂದು ಟಿಕ್ ತೋರಿಸುತ್ತ ನಿಂತ ಸಂದೇಶಗಳ ಗುಟ್ಟು ಎಷ್ಟೋ ಬಾರಿ ಇದೇ ಆಗಿರುತ್ತದೆ.

ಒಬ್ಬರಿಗೆ ಒಂದು ಸಂದೇಶ

ಇನ್ನು ಎಲ್ಲಕ್ಕಿಂತ ಮುಖ್ಯವಾದ ಕೆಲಸ. ‘ಗೆಳೆಯರೇ, ಈ ಶನಿವಾರ ನಮ್ಮ ಶೋ ಇದೆ, ಎಲ್ಲರೂ ತಪ್ಪದೆ ಬಂದು ಬೆಂಬಲಿಸಿ’ ಎಂಬ ಸಂದೇಶ ಇನ್ನೂರು ಜನರ ಗುಂಪಿಗೆ ಹೋದಾಗ ಅದು ಯಾರನ್ನೂ ಕರೆದಂತಾಗುವುದಿಲ್ಲ. ಓದಿದ ಪ್ರತಿಯೊಬ್ಬರಿಗೂ ತಾನೊಬ್ಬ ಹೋಗದಿದ್ದರೆ ಏನೂ ವ್ಯತ್ಯಾಸವಾಗದು ಎನಿಸುತ್ತದೆ. ಒಂದು ಹೆಬ್ಬೆರಳಿನ ಚಿತ್ರ ಹಾಕಿ ಮುಂದಕ್ಕೆ ಸರಿಯುತ್ತಾರೆ. ಇದರ ಬದಲು ಹೀಗೆ ಬರೆದು ನೋಡಿ:

‘ನಮಸ್ಕಾರ. ಹೋದ ಸಲ ನೀವು ಮುಂದಿನ ಸಾಲಿನಲ್ಲೇ ನಿಂತು ಕೊನೆಯ ಹಾಡನ್ನು ಇನ್ನೊಮ್ಮೆ ನುಡಿಸಿ ಎಂದು ಕೇಳಿದ್ದಿರಿ, ಆಗ ಸಮಯ ಇರಲಿಲ್ಲ. 14ರ ಶನಿವಾರ ರಾತ್ರಿ 8.45ಕ್ಕೆ ಆ ಹಾಡಿನಿಂದಲೇ ಶುರು ಮಾಡುತ್ತಿದ್ದೇವೆ. ನಿಮಗೆ ಬರಲು ಆಗುತ್ತದೆಯೇ? ನಿಮ್ಮ ಹೆಸರಿನಲ್ಲಿ ಎರಡು ಟಿಕೆಟ್ ಎತ್ತಿಡಲೇ?’

ಇದರಲ್ಲಿ ಮೂರು ಕೆಲಸಗಳು ನಡೆದಿವೆ. ಓದುವವರನ್ನು ನೀವು ನಿಜವಾಗಿಯೂ ನೆನಪಿಟ್ಟುಕೊಂಡಿದ್ದೀರಿ ಎಂಬುದು ಅವರಿಗೆ ತಿಳಿಯಿತು, ಬರಲು ಅವರದೇ ಆದ ಒಂದು ಕಾರಣ ಸಿಕ್ಕಿತು, ಮತ್ತು ಸಂದೇಶ ಪ್ರಶ್ನೆಯಲ್ಲಿ ಮುಗಿದಿದ್ದರಿಂದ ಹೌದು ಅಥವಾ ಇಲ್ಲ ಎನ್ನಲೇಬೇಕಾಯಿತು. ‘ಎರಡು’ ಎಂದದ್ದರಿಂದ ಜೊತೆಗೊಬ್ಬರನ್ನು ಕರೆತರುವ ಯೋಚನೆಯೂ ಅವರಿಗೆ ಬಂತು. ನೆನಪಿನಲ್ಲಿ ಇಲ್ಲದ್ದನ್ನು ಕಟ್ಟಿ ಬರೆಯಬೇಡಿ, ಅದು ಓದುವವರಿಗೆ ಕೂಡಲೇ ಗೊತ್ತಾಗುತ್ತದೆ. ನಾಲ್ವರ ತಂಡದಲ್ಲಿ ತಲಾ ಇಪ್ಪತ್ತೈದು ಜನರಿಗೆ ಹೀಗೆ ಬರೆದರೆ ನೂರು ಕರೆಗಳಾದವು. ದಿನಕ್ಕೆ ಐದರಂತೆ ಬರೆದರೂ ಪ್ರತಿಯೊಬ್ಬರಿಗೂ ಐದೇ ದಿನದ ಕೆಲಸ. ಬಂದ ಉತ್ತರಗಳನ್ನು ಒಂದು ಶೀಟಿನಲ್ಲಿ ಬರೆದಿಡಿ. ‘ನೋಡೋಣ’ ಎಂದವರನ್ನು ಲೆಕ್ಕಕ್ಕೆ ಹಿಡಿಯಬೇಡಿ, ಆದರೆ ಮೂರು ದಿನ ಮೊದಲು ಅವರನ್ನು ಮತ್ತೊಮ್ಮೆ ಕೇಳಿ. ಬರಲಾಗದು ಎಂದವರಿಗೂ ಧನ್ಯವಾದ ಹೇಳಿ; ಅವರಲ್ಲಿ ಕೆಲವರು ಬೇರೆ ಯಾರಿಗೋ ಸುದ್ದಿ ಮುಟ್ಟಿಸುತ್ತಾರೆ. ಈ ಕೆಲಸಕ್ಕೆ ಸಂಕೋಚಪಡುವ ಸಂಗೀತಗಾರರೇ ಹೆಚ್ಚು, ನಾನೂ ಪಟ್ಟಿದ್ದೇನೆ. ಆದರೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಕಟ್ಟಿದ ಹಾಡನ್ನು ಬಂದು ಕೇಳಿ ಎನ್ನುವುದು ಬೇಡುವ ಮಾತಲ್ಲ.

ಜಾಲತಾಣಗಳಲ್ಲಿ

ಒಂದೇ ಪೋಸ್ಟರನ್ನು ಹತ್ತು ಸಲ ಹಾಕುವುದರಿಂದ ಪ್ರಯೋಜನವಿಲ್ಲ. ಪ್ರತಿ ಪೋಸ್ಟಿಗೂ ಒಂದೊಂದು ಹೊಸ ವಿಷಯ ಇರಲಿ: ಅಭ್ಯಾಸದ ಕೋಣೆಯಲ್ಲಿ ಹೊಸ ಹಾಡಿನ ಅರ್ಧ ನಿಮಿಷ, ಜೊತೆಗೆ ನುಡಿಸುವ ತಂಡದ ಯಾವ ಹಾಡು ನಿಮಗೆ ಇಷ್ಟ ಮತ್ತು ಏಕೆ, ಹಾಲ್ ತಲುಪುವ ದಾರಿ, ಉಳಿದಿರುವ ಟಿಕೆಟ್ಟುಗಳ ನಿಜವಾದ ಸಂಖ್ಯೆ. ಸ್ಟುಡಿಯೊದ ನುಣುಪಾದ ರೆಕಾರ್ಡಿಂಗಿಗಿಂತ ಲೈವ್ ತುಣುಕೇ ಮೇಲು, ಏಕೆಂದರೆ ಜನ ಬಂದು ಕೇಳಲಿರುವುದು ಅದನ್ನೇ. ಆದರೆ ಸದ್ದು ಒಡೆದಿರಬಾರದು. ಫೋನನ್ನು ಸ್ಪೀಕರಿನ ಎದುರೇ ಇಡದೆ ಮಿಕ್ಸರ್ ಇರುವ ಕಡೆ ಹಿಂದಕ್ಕೆ ಇಟ್ಟು ಚಿತ್ರಿಸಿದರೆ ಧ್ವನಿ ಹದವಾಗಿ ಬರುತ್ತದೆ. ಎಷ್ಟೋ ಜನ ಸದ್ದು ಮುಚ್ಚಿಯೇ ವೀಡಿಯೊ ನೋಡುವುದರಿಂದ ದಿನಾಂಕ ಮತ್ತು ಜಾಗ ಪರದೆಯ ಮೇಲೆ ಅಕ್ಷರದಲ್ಲಿಯೂ ಇರಬೇಕು. ಇನ್‌ಸ್ಟಾಗ್ರಾಂನ ಕೊಲ್ಯಾಬ್ ಸೌಲಭ್ಯದಿಂದ ಒಂದೇ ಪೋಸ್ಟನ್ನು ಜೊತೆಯ ತಂಡದವರ ಪುಟದಲ್ಲೂ ಹಾಲ್‌ನವರ ಪುಟದಲ್ಲೂ ಕಾಣಿಸಬಹುದು.

ಹಾಡು ಕೇಳುವ ಆ್ಯಪ್ ಸ್ಪಾಟಿಫೈ ಕಲಾವಿದರಿಗಾಗಿ ಇಟ್ಟಿರುವ ಸ್ಪಾಟಿಫೈ ಫಾರ್ ಆರ್ಟಿಸ್ಟ್ಸ್‌ನಲ್ಲಿ ನಿಮ್ಮ ಹಾಡನ್ನು ಕೇಳುವವರು ಯಾವ ಊರುಗಳಲ್ಲಿದ್ದಾರೆ ಎಂದು ನೋಡಬಹುದು. ಹೊರ ಊರಿನಲ್ಲಿ ಶೋ ಮಾಡುವ ಮುನ್ನ ಆ ಪಟ್ಟಿಯನ್ನು ನೋಡದಿರುವುದು ತಪ್ಪಾಗುತ್ತದೆ. ಸಾಂಗ್‌ಕಿಕ್, ಬ್ಯಾಂಡ್ಸ್‌ಇನ್‌ಟೌನ್‌ನಂಥ ತಾಣಗಳಲ್ಲಿ ಶೋವನ್ನು ದಾಖಲಿಸಿದರೆ ಅಲ್ಲಿ ನಿಮ್ಮನ್ನು ಹಿಂಬಾಲಿಸುವವರಿಗೆ ಸೂಚನೆ ಹೋಗುತ್ತದೆ. ಜಾಹೀರಾತಿಗೆ ಹಣ ಹಾಕುವುದಾದರೆ ಕೊನೆಯ ಹತ್ತು ದಿನಗಳಲ್ಲಿ, ಹಾಲ್ ಸುತ್ತಲಿನ ಪ್ರದೇಶಕ್ಕಷ್ಟೇ ಸೀಮಿತಗೊಳಿಸಿ, ಟಿಕೆಟ್ ಪುಟಕ್ಕೆ ಹೋಗುವ ಲಿಂಕ್ ಇಟ್ಟು ಹಾಕಿ. ಲೈಕುಗಳನ್ನು ಹೆಚ್ಚಿಸುವ ಜಾಹೀರಾತಿನಿಂದ ಕೋಣೆ ತುಂಬುವುದಿಲ್ಲ. ಹಿಂಬಾಲಕರನ್ನು ಕೊಳ್ಳುವುದು, ಟಿಕೆಟ್ ಉಳಿದಿದ್ದರೂ ‘ಮುಗಿಯುತ್ತ ಬಂದಿದೆ’ ಎನ್ನುವುದು ಎರಡೂ ಬೇಡ. ಅರ್ಧ ಖಾಲಿ ಹಾಲ್‌ಗೆ ಬಂದವರು ಮುಂದಿನ ಸಲ ನಿಮ್ಮ ಮಾತನ್ನು ನಂಬುವುದಿಲ್ಲ.

ಪ್ರವೇಶ ಉಚಿತವಾಗಿದ್ದರೂ ಹೆಸರು ನೋಂದಾಯಿಸಿಕೊಳ್ಳಿ. ಹಣ ಕೊಡದೆ ಕಾಯ್ದಿರಿಸಿದವರಲ್ಲಿ ಬಾರದೆ ಉಳಿಯುವವರು ಹೆಚ್ಚು ಎಂಬುದನ್ನು ಉಚಿತ ಶೋ ಮಾಡಿದವರೆಲ್ಲ ಬಲ್ಲರು, ಆದ್ದರಿಂದ ಸಣ್ಣದಾದರೂ ಒಂದು ದರ ಇಡುವುದು ನನಗೆ ಸರಿಯೆನಿಸುತ್ತದೆ. ಮೊದಲು ಕೊಂಡವರಿಗೆ ಕಡಿಮೆ ದರ ಇಟ್ಟರೆ ಶುರುವಿನ ಟಿಕೆಟ್ಟುಗಳು ಬೇಗ ಹೋಗಿ ಶೋ ಬಗ್ಗೆ ಮಾತು ಹಬ್ಬುತ್ತದೆ.

ಆ ದಿನ, ಮರುದಿನ

ಶೋ ದಿನ ಬೆಳಿಗ್ಗೆ ಟಿಕೆಟ್ ಕೊಂಡವರಿಗೆಲ್ಲ ವಿಳಾಸ, ಹೊತ್ತು, ವಾಹನ ನಿಲ್ಲಿಸುವ ಜಾಗ ಈ ಮೂರನ್ನು ಮಾತ್ರ ಬರೆದು ಕಳುಹಿಸಿ. ಸೌಂಡ್ ಚೆಕ್‌ನ (ಶೋಗೆ ಮುಂಚೆ ಧ್ವನಿ ಪರೀಕ್ಷಿಸುವ ಹೊತ್ತಿನ) ಹದಿನೈದು ಸೆಕೆಂಡಿನ ಸ್ಟೋರಿ ಹಾಕಿ, ಬಳಿಕ ಫೋನನ್ನು ಬದಿಗಿಟ್ಟು ಸಂಗೀತದ ಕಡೆ ಗಮನ ಕೊಡಿ. ಬಾಗಿಲಲ್ಲಿ ಟಿಕೆಟ್ ನೋಡುವವರ ಕೈಗೆ ಒಂದು ಹಾಳೆ ಕೊಟ್ಟು ‘ಶೋ ಇದೆ ಎಂದು ಹೇಗೆ ತಿಳಿಯಿತು?’ ಎಂದು ಪ್ರತಿಯೊಬ್ಬರನ್ನೂ ಕೇಳಿ ಗೆರೆ ಎಳೆಯಲು ಹೇಳಿ: ಪೋಸ್ಟರ್, ಇನ್‌ಸ್ಟಾಗ್ರಾಂ, ಇಮೇಲ್, ಪತ್ರಿಕೆ, ಬೇರೆ ತಂಡದವರು, ಯಾರೋ ಕರೆದರು. ನಾವು ಮೊದಲ ಸಲ ಹೀಗೆ ಕೇಳಿದಾಗ ಕೊನೆಯ ಕಾಲಂನಲ್ಲಿ ನಲವತ್ತೊಂದು ಗೆರೆಗಳಿದ್ದವು, ನಾವು ಎರಡು ವಾರ ಕೂತು ಮಾಡಿದ್ದ ಪೋಸ್ಟರಿನ ಕಾಲಂನಲ್ಲಿ ಮೂರು. ಮುಂದಿನ ಶೋಗೆ ಪೋಸ್ಟರ್ ಅರ್ಧಕ್ಕೆ ಇಳಿಯಿತು, ಸಂದೇಶ ಬರೆಯುವ ಸಂಜೆಗಳು ಹೆಚ್ಚಿದವು.

ಮರುದಿನವೇ ಫೋಟೊಗಳನ್ನು ಹಾಕಿ. ಬಂದವರು ಚಿತ್ರದಲ್ಲಿ ತಮ್ಮನ್ನು ಹುಡುಕಿಕೊಂಡು ಗೆಳೆಯರಿಗೆ ತೋರಿಸುವುದು ಆ ಒಂದೆರಡು ದಿನಗಳಲ್ಲೇ. ನೋಟ್‌ಬುಕ್ಕಿನ ಹೊಸ ವಿಳಾಸಗಳನ್ನು ಪಟ್ಟಿಗೆ ಸೇರಿಸಿ, ಅವರಿಗೆ ಧನ್ಯವಾದದ ಜೊತೆ ಅಂದು ನುಡಿಸಿದ ಒಂದು ಹಾಡಿನ ಲೈವ್ ರೆಕಾರ್ಡಿಂಗ್ ಕಳುಹಿಸಿ. ಸೌಂಡ್ ನೋಡಿಕೊಂಡವರಿಗೆ, ಬಾಗಿಲಲ್ಲಿ ನಿಂತವರಿಗೆ, ಜೊತೆಗೆ ನುಡಿಸಿದ ತಂಡಗಳಿಗೆ ಹೆಸರು ಹೇಳಿ ಕೃತಜ್ಞತೆ ಸಲ್ಲಿಸಿ. ಎಷ್ಟು ಜನ ಬಂದರು, ಎಷ್ಟು ಟಿಕೆಟ್ ಮುಂಗಡವಾಗಿ ಹೋಯಿತು ಎಂಬ ಲೆಕ್ಕವನ್ನು ವಾರದೊಳಗೆ ಹಾಲ್‌ನವರಿಗೆ ಬರೆದು ಕಳುಹಿಸಿ, ಅದೇ ಪತ್ರದಲ್ಲಿ ಮೂರು ತಿಂಗಳಾಚೆಯ ಒಂದು ದಿನಾಂಕವನ್ನು ಕೇಳಿ.